ಇಲಿಗಳ ಫಲಾಹಾರ

ಇದನ್ನು ಬರೆಯಬೇಕೆಂದು ನಿವೃತ್ತಿಯಾದ ವಾರವೇ ಅಂದುಕೊಂಡಿದ್ದೆ. ಮೊದಲು ಕನ್ನಡಕ ಸರಿಯಿಲ್ಲ ಎಂದೆ. ಕನ್ನಡಕ ಬಂತು. ತೊಗರಿ ರಾಶಿ ಮುಗಿಯಲಿ ಎಂದೆ. ರಾಶಿ ಮುಗಿಯಿತು. ಹೆಂಡತಿ ನೀಲಮ್ಮನ ಕಣ್ಣಿನ ಆಪರೇಷನ್ ಆಗಲಿ ಎಂದೆ. ಅದೂ ಆಗಿ, ಅವಳಿಗೆ ಈಗ ನನ್ನ ಮುಖ ಸ್ವಚ್ಛವಾಗಿ ಕಾಣತೊಡಗಿದೆ. "ಬರೀತೀನಂದ್ರ ಕುಂತು ಬರೀರಿ, ಇಲ್ಲಂದ್ರ ಕೊರಗೂದರ ಬಿಡ್ರಿ. ಎರಡೂ ಮಾಡಲಾರದ ಮನಿಷ್ಯಾನ ಮುಖ ಎಷ್ಟಂತ ನೋಡ್ಲಿ" ಎಂದು ಮೊನ್ನೆ ಗದರಿದಳು. ಅದಕ್ಕೇ ಕುಳಿತಿದ್ದೇನೆ.

ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ಊರು ಮುದನಾಳ. ಕೆಲಸ ಮಾಡಿದ್ದು ಯಾದಗಿರಿಯ ಹೊರಗಿನ ಒಂದು ಫಾರ್ಮಸಿ ಕಾಲೇಜಿನಲ್ಲಿ, ಲ್ಯಾಬ್ ಅಟೆಂಡರ್ ಆಗಿ. ಔಷಧಶಾಸ್ತ್ರದಲ್ಲಿ ಒಂದು ಪದವಿ ಮುಗಿಸಿದ ಮೇಲೂ ಓದುವ ಹಟ ಇರುವವರು ಅಲ್ಲಿ ಎಂ.ಫಾರ್ಮ್ ಮಾಡಲು ಬರುತ್ತಿದ್ದರು. ಒಬ್ಬೊಬ್ಬರಿಗೆ ಒಬ್ಬ ಗೈಡ್. ಗೈಡ್ ಹೇಳಿದ ವಿಷಯದ ಮೇಲೆ ಪ್ರಯೋಗ ಮಾಡಿ, ಪ್ರಬಂಧ ಬರೆದು, ಅದಕ್ಕೆ ಗೈಡ್ ಸಹಿ ಬಿದ್ದ ಮೇಲೆ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು. ಸಹಿ ಬೀಳದಿದ್ದರೆ ಎಲ್ಲವೂ ನೀರಲ್ಲಿ ಹೋಮ.

ಈಗ ಇಂಥ ಕೆಲಸಕ್ಕೆ ಸೇರುವ ಹುಡುಗರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು "ಕಾಕಾ, ಒಳಗ ಏನ್ ಮಾಡಬೇಕಾಗ್ತದ?" ಎಂದು ಕೇಳುತ್ತಾರೆ. ಗಾಜು ತೊಳೆಯಬೇಕಾಗ್ತದ, ತೊಳೆದ ಮೇಲೆ ಬೈಸಿಕೊಳ್ಳಬೇಕಾಗ್ತದ ಎಂದು ಹೇಳಿ ಕಳಿಸುತ್ತೇನೆ. ಅವರಿಗೆ ಹೇಳದೆ ಉಳಿಸಿಕೊಂಡದ್ದು ಇಲ್ಲಿದೆ.

ನಾನು ಸೇರಿದ ಕಾಲಕ್ಕೆ ಪಾಠಕ್ಕೆ ಕಪ್ಪೆ ಬೇಕಾಗುತ್ತಿತ್ತು. ಕಪ್ಪೆಯ ಗುಂಡಿಗೆಗೆ ದಾರ ಕಟ್ಟಿದರೆ, ಅದು ಬಡಿದಂತೆಲ್ಲ ಒಂದು ಕಡ್ಡಿ ಏರಿಳಿದು, ತಿರುಗುವ ಡಬ್ಬಿಗೆ ಸುತ್ತಿದ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಆ ಕಾಗದಕ್ಕೆ ಸೀಮೆಎಣ್ಣೆಯ ಹೊಗೆ ಹಿಡಿಸಿ ಕಪ್ಪು ಮಾಡುವುದು ನನ್ನ ಕೆಲಸ. ಕಾಗದ ಒಂದು ಪಾಲು ಕಪ್ಪಾದರೆ ನಾನು ಮೂರು ಪಾಲು ಆಗುತ್ತಿದ್ದೆ. ಕಪ್ಪೆ ಹಿಡಿದು ತರುವುದೂ ನನ್ನ ಪಾಲೇ. ಒಮ್ಮೆ ಬಳಿಚಕ್ರ ಊರಿನ ಬಾವಿಗಳಲ್ಲಿ ಹಿಡಿದು, ಒದ್ದೆ ಗೋಣಿಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ಚೀಲ ಕೂಗತೊಡಗಿತು.

ಕಂಡಕ್ಟರ್ ಬಂದು, "ಏನದಾವಪಾ ಇದ್ರಾಗ?" ಎಂದ.

"ಕಾಲೇಜಿನ ಸಾಮಾನ್ರಿ."

"ಸಾಮಾನು ವಟಗುಟ್ಟತದೇನು? ಜೀವ ಇದ್ದಿದ್ದಕ್ಕ ಟಿಕೀಟ್ ತಗೀಬೇಕು."

ಕಪ್ಪೆಗೆ ಟಿಕೆಟ್ ಎಷ್ಟು ಎಂದು ಅವನಿಗೂ ಗೊತ್ತಿರಲಿಲ್ಲ. ಕುರಿಗೆ ಇದೆ, ಕೋಳಿಗೆ ಇದೆ. ಅವನು ಡ್ರೈವರನ್ನು ಕೇಳಲು ಹೋದಾಗ ಚೀಲದ ಬಾಯಿ ಬಿಚ್ಚಿತು. ಮುಂದಿನದನ್ನು ವಿವರಿಸುವುದಿಲ್ಲ. ಒಬ್ಬ ಮುದುಕಿ ಮಾತ್ರ ಸೀಟಿನ ಮೇಲೆ ಕಾಲು ಎತ್ತಿಕೊಂಡು, "ಮಳಿ ಬರ್ತದಂತ ಕಾಣ್ತದ, ಚೊಲೊ ಆತು" ಎಂದು ಸಮಾಧಾನವಾಗಿ ಹೇಳಿದ್ದು ನೆನಪಿದೆ. ಈಗ ಕಪ್ಪೆಯನ್ನು ಕೊಯ್ಯುವಂತಿಲ್ಲ. ಕಂಪ್ಯೂಟರಿನೊಳಗೇ ಒಂದು ಕಪ್ಪೆ ಇದೆ. ಎಷ್ಟು ಸಲ ಸಾಯಿಸಿದರೂ ಗುಂಡಿ ಒತ್ತಿದ ಕೂಡಲೇ ಏಳುತ್ತದೆ. ಅದನ್ನು ನೋಡಿದ ದಿನ ನನಗೆ ಮನಸ್ಸು ಹಗುರಾಯಿತು.

ನಮ್ಮ ವಿಭಾಗದ ಮುಖ್ಯಸ್ಥರು ದೇಸಾಯಿ ಸರ್. ಒಳ್ಳೆಯವರೇ. ಆದರೆ ಅವರ ಎದುರು ಯಾರೂ ಪ್ರಶ್ನೆ ಕೇಳುವಂತಿರಲಿಲ್ಲ. ವಿದ್ಯಾರ್ಥಿಗಳ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲವಾಗಿ ಊರಿನ ಹೆಸರಿನಿಂದ ಕರೆಯುತ್ತಿದ್ದರು. "ಏ ಸುರಪುರ, ಬಾ ಇಲ್ಲಿ." "ಗುರುಮಿಠಕಲ್ ಎಲ್ಲಿ ಹೋಗ್ಯಾನ?" ಅವರನ್ನು ನೋಡಿ ನಾವೂ ಹಾಗೇ ಕರೆಯುತ್ತಿದ್ದೆವು. ಒಂದು ವರ್ಷ ಎರಡು ಶಹಾಪುರ ಬಂದವು. ಆಗ ದೊಡ್ಡ ಶಹಾಪುರ, ಸಣ್ಣ ಶಹಾಪುರ ಮಾಡಿಕೊಂಡರು.

ಅವರನ್ನು ಯಾರೂ ಕೇಳುತ್ತಿರಲಿಲ್ಲ ಎಂದೆನಲ್ಲ, ಅದಕ್ಕೊಂದು ಉದಾಹರಣೆ. ಎಂ.ಫಾರ್ಮ್ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಅವರನ್ನು ಯಾದಗಿರಿ ಸ್ಟೇಷನ್ನಿನಿಂದ ಕರೆತರಲು ನನ್ನನ್ನು ಜೀಪಿನಲ್ಲಿ ಕಳಿಸಿದರು. ರೈಲಿನಿಂದ ಸಫಾರಿ ತೊಟ್ಟ, ಚರ್ಮದ ಚೀಲ ಹಿಡಿದ ಒಬ್ಬರು ಇಳಿದರು. "ಕಾಲೇಜಿನಿಂದ ಬಂದೀನ್ರಿ ಸಾಹೇಬ್ರ" ಎಂದು ಕೈಮುಗಿದೆ. "ಹಾಂ, ನಡಿ" ಎಂದರು. ಕರೆತಂದೆ. ದೇಸಾಯಿ ಸರ್ ಹಾರ ಹಾಕಿದರು, ಶಾಲು ಹೊದಿಸಿದರು, ಚಹಾ ಕುಡಿಸಿ ಕುರ್ಚಿಯಲ್ಲಿ ಕೂರಿಸಿದರು. ವಿದ್ಯಾರ್ಥಿ ಬೆವರುತ್ತ ತನ್ನ ಮುಲಾಮಿನ ಪ್ರಯೋಗವನ್ನೆಲ್ಲ ವಿವರಿಸಿದ. ಸಾಹೇಬರು ಕಣ್ಣುಮುಚ್ಚಿ ಕೇಳಿ, "ಎಕರೆಗೆ ಎಷ್ಟು ಹಾಕಬೇಕು?" ಎಂದರು.

ಮುಲಾಮಿಗೆ ಎಕರೆ ಎಲ್ಲಿಂದ ಬಂತು ಎಂದು ಯಾರೂ ಕೇಳುವಂತಿರಲಿಲ್ಲ. ದೇಸಾಯಿ ಸರ್ ವಿದ್ಯಾರ್ಥಿಯ ಕಡೆ ಕೆಕ್ಕರಿಸಿ, "ಹೇಳೋ, ಓದಿಲ್ಲೇನು?" ಎಂದರು.

ಬೀಜದ ಕಂಪನಿಯೊಂದರ ಅಧಿಕಾರಿ ಅವರು. ಕೃಷಿ ಕಾಲೇಜಿನವರು ತಮ್ಮನ್ನು ಭಾಷಣಕ್ಕೆ ಕರೆದಿದ್ದಾರೆಂದು ತಿಳಿದು ಬಂದಿದ್ದರು. ನಿಜವಾದ ಪರೀಕ್ಷಕರು ಸ್ಟೇಷನ್ನಿನ ಬೆಂಚಿನ ಮೇಲೆ ಮಿರ್ಚಿಭಜಿ ತಿನ್ನುತ್ತ ಕೂತಿದ್ದರು. ಈ ಕಥೆ ಹೇಳಿದಾಗಲೆಲ್ಲ ಹುಡುಗರು ಬಿದ್ದು ಬಿದ್ದು ನಗುತ್ತಾರೆ. ಇಷ್ಟಕ್ಕೇ ನಿಲ್ಲಿಸಿ ಒಳಗೆ ಹೋಗಿಬಿಡುವುದು ನನ್ನ ರೂಢಿ. ಇವತ್ತು ನಿಲ್ಲಿಸುವುದಿಲ್ಲ.

ಕಪ್ಪೆ ಹೋದ ಮೇಲೂ ಎಂ.ಫಾರ್ಮ್ ಸಂಶೋಧನೆಗೆ ಇಲಿ ಉಳಿದವು. ಬಿಳಿ ಇಲಿ, ಕೆಂಪು ಕಣ್ಣು. ಅದಕ್ಕೆ ಅನುಮತಿ ಬೇಕು, ಪ್ರತ್ಯೇಕ ಕೋಣೆ ಬೇಕು. ಆ ಕೋಣೆಗೆ ನಾವು ಇಲಿಮನಿ ಎನ್ನುತ್ತಿದ್ದೆವು, ಅದರ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಪಂಜರಕ್ಕೆ ಭತ್ತದ ಹೊಟ್ಟು ಹಾಸುವುದು, ನೀರಿನ ಬಾಟಲಿ ತುಂಬುವುದು, ಕಾಳಿನಂಥ ಗಟ್ಟಿ ಆಹಾರ ಹಾಕುವುದು. ಇಂತಿಂಥ ಇಲಿ ಎಂದು ಗುರುತಿಸಲು ಒಂದಕ್ಕೆ ತಲೆಗೆ, ಒಂದಕ್ಕೆ ಬೆನ್ನಿಗೆ, ಒಂದಕ್ಕೆ ಬಾಲಕ್ಕೆ ಹಳದಿ ಬಣ್ಣ ಬಳಿಯುತ್ತಿದ್ದರು. ತಲೆಗೆ ಹಳದಿ ಹಚ್ಚಿಸಿಕೊಂಡ ಇಲಿಗಳು ನನಗೆ ಮೈಲಾರಲಿಂಗನ ಅರಿಸಿನದ ಭಂಡಾರ ಹಚ್ಚಿಕೊಂಡ ಭಕ್ತರಂತೆ ಕಾಣುತ್ತಿದ್ದವು. ಇದು ನನ್ನ ತಪ್ಪಿನ ಮೊದಲ ಮೆಟ್ಟಿಲು.

ಆಗ ಶಹಾಪುರದಿಂದ ಒಬ್ಬ ಹುಡುಗಿ ಬಂದಳು. ಬೌದ್ಧರ ಮನೆಯವಳು. ತಂದೆ ಹೊಲದ ಕೂಲಿ ಮಾಡುತ್ತ ಮಗಳನ್ನು ಇಲ್ಲಿಯವರೆಗೆ ಓದಿಸಿದ್ದರು. ಅವಳಿಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಬೇಕಿತ್ತು, ಅದಕ್ಕೆ ಎಂ.ಫಾರ್ಮ್ ಬೇಕೇ ಬೇಕು. ದೇಸಾಯಿ ಸರ್ ಅವಳ ಗೈಡ್. ಸುರಪುರದ ಗುಡ್ಡದ ಕಡೆ ಹಳದಿ ಹೂ ಬಿಡುವ ತಂಗಡಿ ಗಿಡ ಬೇಕಾದಷ್ಟಿದೆ. ಹಳ್ಳಿಯವರು ಅದನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಾರೆ. ನಿಜಕ್ಕೂ ಸಕ್ಕರೆ ಇಳಿಯುತ್ತದೆಯೇ ನೋಡು ಎಂದು ವಿಷಯ ಕೊಟ್ಟರು. ಅವಳು ಬಿಸಿಲಲ್ಲಿ ಗುಡ್ಡ ಹತ್ತಿ ಹೂ ತಂದು, ಮಾಳಿಗೆಯ ನೆರಳಲ್ಲಿ ಒಣಗಿಸಿ, ಕುಟ್ಟಿ, ರಸ ತೆಗೆದು ಇಟ್ಟುಕೊಂಡಳು. ಅವಳ ಕೈ ಅಳತೆಯ ಕೈ. ಗಾಜು ತೊಳೆಯುವವನಿಗೆ ಅದು ಬೇಗ ತಿಳಿಯುತ್ತದೆ: ಅವಳ ಬೀಕರಿನ ಹೊರಮೈ ಎಂದೂ ಅಂಟಾಗಿರುತ್ತಿರಲಿಲ್ಲ.

ಪ್ರಯೋಗ ಹೀಗೆ: ಇಲಿಗಳಿಗೆ ಸೂಜಿ ಕೊಟ್ಟು ಸಕ್ಕರೆ ಕಾಯಿಲೆ ಬರಿಸುವುದು. ಒಂದು ಪಂಜರದವಕ್ಕೆ ಔಷಧವೇ ಇಲ್ಲ, ಒಂದಕ್ಕೆ ಅಂಗಡಿ ಗುಳಿಗೆ, ಒಂದಕ್ಕೆ ತಂಗಡಿ ರಸ. ಪರೀಕ್ಷೆಯ ಹಿಂದಿನ ಸಂಜೆಯಿಂದ ಆಹಾರ ತೆಗೆದು, ಬೆಳಿಗ್ಗೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡುವುದು.

"ಕಾಕಾ, ಇವತ್ತ ಸಂಜೀಲಿಂದ ಅವಕ್ಕ ಏನೂ ಹಾಕಬ್ಯಾಡ್ರಿ. ಬರೇ ನೀರು" ಎಂದಳು.

"ಬರೇ ನೀರಾ?"

"ಬರೇ ನೀರ್ರಿ. ನಾ ಮುಂಜಾನೆ ಬಂದು ನೋಡ್ತೀನಿ."

ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ. ಚೆನ್ನಾಗಿ ಅರ್ಥವಾಗಿತ್ತು. ಆದರೆ ಶ್ರಾವಣ ಬಂದಿತ್ತು, ಮರುದಿನ ಸೋಮವಾರ, ನನಗೂ ಉಪವಾಸ. ನಮ್ಮ ಮನೆಯಲ್ಲಿ ಉಪವಾಸವೆಂದರೆ ಜೋಳದ ರೊಟ್ಟಿಯನ್ನೂ ಅನ್ನವನ್ನೂ ಮುಟ್ಟುವುದಿಲ್ಲ. ಸಾಬೂದಾನಿ ಖಿಚಡಿ, ಬಾಳೆಹಣ್ಣು, ಶೇಂಗಾ ಉಂಡಿ ನಡೆಯುತ್ತದೆ. ನನ್ನ ಅಪ್ಪ ಕಟ್ಟುನಿಟ್ಟಿನ ಭಕ್ತ, ಅವನೂ ಇಷ್ಟು ತಿನ್ನುತ್ತಿದ್ದ. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ಇಬತ್ತಿ ಬಳಿದುಕೊಂಡು, ಫಲಾಹಾರದ ಡಬ್ಬಿ ಹಿಡಿದು, ಅವಳು ಬರುವ ಮೊದಲೇ ಇಲಿಮನಿಯ ಬಾಗಿಲು ತೆರೆದೆ. ತಲೆಗೆ ಭಂಡಾರ ಬಳಿದುಕೊಂಡವು ಸರಳಿಗೆ ಮೂಗು ಹಚ್ಚಿ ನಿಂತಿದ್ದವು. ವ್ರತ ಹಿಡಿದವರ ಎದುರು ಒಬ್ಬನೇ ಕೂತು ಫಲಾಹಾರ ಮಾಡಲು ನನಗೆ ಮನಸ್ಸು ಬರಲಿಲ್ಲ. ಫಲಾಹಾರದಿಂದ ಉಪವಾಸ ಕೆಡುವುದಿಲ್ಲ, ನನ್ನದೇ ಕೆಡದ ಮೇಲೆ ಇಲಿಯದು ಹೇಗೆ ಕೆಟ್ಟೀತು ಎಂದುಕೊಂಡು ಹಾಕಿದೆ. ಅವು ತಿಂದ ಚಂದ ನೋಡಬೇಕಿತ್ತು. ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ತಿಂದಂತೆ.

ಅಂದಿನಿಂದ ಅವಳು ಉಪವಾಸ ಎಂದಾಗಲೆಲ್ಲ ನಾನು ಫಲಾಹಾರ ಒಯ್ದೆ. ವಾರ ಯಾವುದೇ ಇರಲಿ. ನೀಲಮ್ಮ ಕೇಳಿದಳು:

"ಇಷ್ಟೊಂದು ಸಾಬೂದಾನಿ ಯಾರಿಗ್ರಿ? ಇವತ್ತ ಬುಧವಾರ."

"ಇಲಿಗೊಳು ಉಪಾಸ ಅದಾವ."

"ಬುಧವಾರ ಯಾವ ದೇವ್ರದ್ರಿ?"

"ಎಂ.ಫಾರ್ಮ್ ದೇವ್ರದು."

"ಹಂಗಾರ ಬೆಲ್ಲ ಒಂದೀಟು ಜಾಸ್ತಿ ಹಾಕ್ತೀನಿ. ಬ್ಯಾನಿ ಬಂದ ಜೀವ."

ಪಂಜರಗಳು ಕಬ್ಬಿಣದ ಸ್ಟ್ಯಾಂಡಿನಲ್ಲಿ ಮೂರು ಅಂತಸ್ತಿನಲ್ಲಿದ್ದವು. ಕೆಳಗೆ, ಕೈಗೆ ಸಿಗುವಲ್ಲಿ ತಂಗಡಿ ರಸದವು. ಅವಕ್ಕೆ ಮೊದಲ ನೈವೇದ್ಯ, ಕೈತುಂಬ. ನಡುವಿನ ಗುಳಿಗೆಯವಕ್ಕೆ ಉಳಿದದ್ದು. ಔಷಧವೇ ಇಲ್ಲದವು ಮೇಲಿನ ಅಂತಸ್ತಿನಲ್ಲಿದ್ದವು. ಸ್ಟೂಲು ಹತ್ತಲು ನನ್ನ ಮೊಳಕಾಲು ಬಿಡುತ್ತಿರಲಿಲ್ಲ, ಅವುಗಳಿಗೆ ಏನೂ ಮುಟ್ಟುತ್ತಿರಲಿಲ್ಲ. ಹೀಗಾಗಿ ಅವಳ ಯಂತ್ರದಲ್ಲಿ ಬಂದ ಲೆಕ್ಕ ನೋಡಿದರೆ ಔಷಧ ಕುಡಿಯದ ರೋಗಿಗಳು ಆರಾಮಾಗುತ್ತಿದ್ದರು, ಔಷಧ ಕುಡಿದವರಿಗೆ ಸಕ್ಕರೆ ತಲೆಗೇರುತ್ತಿತ್ತು. ಮೈಯೂ ತುಂಬಿಕೊಳ್ಳುತ್ತಿತ್ತು.

ದೇಸಾಯಿ ಸರ್ ಲೆಕ್ಕದ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಶಹಾಪುರ, ಸುರಪುರದ ಗುಡ್ಡದಾಗ ತಂಗಡಿ ತಂದೀಯೋ, ಕಬ್ಬು ತಂದೀಯೋ?"

"ತಂಗಡೀನೇ ಸರ್. ಮತ್ತೊಮ್ಮೆ ಮಾಡಿ ನೋಡ್ತೀನ್ರಿ."

ಮತ್ತೊಮ್ಮೆ ಮಾಡಿದಳು. ನಾನೂ ಮತ್ತೊಮ್ಮೆ ಮಾಡಿದೆ. ಈ ಸಲ ಸಕ್ಕರೆ ಇನ್ನೂ ಏರಿತು, ಏಕೆಂದರೆ ನೀಲಮ್ಮ ಶೇಂಗಾ ಉಂಡಿಯನ್ನೂ ಕಟ್ಟಿಕೊಟ್ಟಿದ್ದಳು. ಹುಡುಗಿ ಊಟ ಬಿಟ್ಟಳು. ಪಂಜರದ ಎದುರು ಕೂತು ಇಲಿಗಳನ್ನೇ ನೋಡುತ್ತಿದ್ದಳು. ಅವು ಅವಳ ಕಡೆ ನೋಡದೆ ನನ್ನ ಕಡೆ ನೋಡುತ್ತಿದ್ದವು.

ಲೆಕ್ಕ ಕೆಟ್ಟದ್ದಕ್ಕೂ ನನ್ನ ಡಬ್ಬಿಗೂ ಸಂಬಂಧವಿದೆ ಎಂದು ನನಗೆ ಆಗ ತಿಳಿದಿರಲಿಲ್ಲವೇ? ಮೊದಲ ಸಲ ತಿಳಿದಿರಲಿಲ್ಲ. ಎರಡನೆಯ ಸಲ ಅನುಮಾನ ಬಂತು. ಅನುಮಾನ ಬಂದ ದಿನವೇ ಹೇಳಿದ್ದರೆ ಬೈಗುಳಕ್ಕೆ ಮುಗಿಯುತ್ತಿತ್ತು.

ಒಂದು ಮುಂಜಾನೆ ಅವಳು ಹೊಟ್ಟಿನಲ್ಲಿ ಒಂದು ಸಾಬೂದಾನಿ ಕಾಳು ಕಂಡುಹಿಡಿದಳು. ಒಂದೇ ಒಂದು. ಅದನ್ನು ಗಾಜಿನ ತಟ್ಟೆಯಲ್ಲಿಟ್ಟುಕೊಂಡು ನೇರ ದೇಸಾಯಿ ಸರ್ ಬಳಿ ಹೋದಳು. "ಸರ್, ಯಾರೋ ಇವಕ್ಕ ತಿನ್ನಾಕ ಹಾಕಾಕತ್ತಾರ."

ವಿಚಾರಣೆಗೆ ಕಮಿಟಿ ಕೂತಿತು. ಪ್ರಿನ್ಸಿಪಾಲರು, ದೇಸಾಯಿ ಸರ್, ಗುಳಿಗೆ ತಯಾರಿಸುವ ವಿಭಾಗದ ಸರ್ ಒಬ್ಬರು. ಮೇಜಿನ ನಡುವೆ ಆ ಕಾಳು. ಅದರ ಸುತ್ತ ಓದಿದವರು ಮೂವರು ತಲೆ ಕೂಡಿಸಿದರು. ಮೈಕ್ರೋಸ್ಕೋಪ್ ತಂದರು. ಅಯೋಡಿನ್ ಹನಿಸಿದರು. ಕಾಳು ನೀಲಿಯಾಯಿತು.

"ಪಿಷ್ಟ ಅದ" ಎಂದರು ದೇಸಾಯಿ ಸರ್.

"ಪಿಷ್ಟ ಅಂದ್ರ ನಮ್ಮ ವಿಭಾಗದ್ದೇ" ಎಂದರು ಗುಳಿಗೆ ಸರ್. "ಗುಳಿಗಿ ಮಾಡಾಕ ನಾವು ಇಂಥಾವೇ ದುಂಡನ್ನ ಪಿಷ್ಟದ ಕಾಳು ಮಾಡ್ತೀವಿ. ಹೋದ ವಾರ ಈ ಹುಡುಗಿ ನಮ್ಮ ಲ್ಯಾಬಿಗೆ ಬಂದಿದ್ಳು. ಆಕಿ ಏಪ್ರನ್ನಿಗೆ ಹತ್ತಿ ಬಂದದ."

"ಸರ್, ಅದು ಸಾಬೂದಾನಿ" ಎಂದಳು ಹುಡುಗಿ. "ಕುದಿಸಿದ್ದದ. ಎಣ್ಣಿ ವಾಸನಿ ಬರ್ತದ. ಮೂಸಿ ನೋಡ್ರಿ."

ಮೂಸಲು ಯಾರೂ ಒಪ್ಪಲಿಲ್ಲ. ವಾಸನೆ ನೋಡುವುದು ಶಾಸ್ತ್ರೀಯ ಪದ್ಧತಿಯಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು.

ಬಾಗಿಲ ಬಳಿ ನಿಂತಿದ್ದ ನನ್ನನ್ನು ಒಳಗೆ ಕರೆದರು. ನನ್ನ ಹಣೆಯ ಮೇಲೆ ಇಬತ್ತಿ ಇನ್ನೂ ಹಸಿಯಾಗಿತ್ತು. ಪಕ್ಕದಲ್ಲಿ ಅವಳು. ನನ್ನ ಮುಖ ನೋಡಿ ಕೇಳಿದಳು:

"ಕಾಕಾ, ನೀವೇನಾರ ಸಾಬೂದಾನಿ ಹಾಕೀರೇನ್ರಿ? ಹಾಕಿದ್ರ ಹೇಳಿಬಿಡ್ರಿ. ನಾ ಏನೂ ಅನ್ನಂಗಿಲ್ಲ. ನಂದು ಲೆಕ್ಕ ಸರಿ ಅದ ಅಂತ ಗೊತ್ತಾದ್ರ ಸಾಕು."

ಇದಕ್ಕಿಂತ ಸುಲಭವಾಗಿ ಯಾರೂ ಯಾರಿಗೂ ದಾರಿ ಬಿಟ್ಟುಕೊಡಲಾರರು. ಆದರೆ ಪ್ರಿನ್ಸಿಪಾಲರು ಅದೇ ಹೊತ್ತಿಗೆ, "ಹಾಕಿದ್ದು ನಿಜ ಆದ್ರ ಅಟೆಂಡರ್ ನಾಳೆಯಿಂದ ಮನೀಗಿ" ಎಂದರು. ನನ್ನ ನಾಲಿಗೆ ನನ್ನನ್ನು ಕೇಳದೆ ಹೊರಳಿತು.

"ಇಲ್ಲವ್ವಾ. ಶಿವನ ಆಣಿ. ನೀರ ಬಿಟ್ಟು ಏನೂ ಹಾಕಿಲ್ಲ."

ದೇಸಾಯಿ ಸರ್ ಕುರ್ಚಿಗೆ ಒರಗಿದರು. "ಸಿದ್ದಣ್ಣ ಸೋಮವಾರ ಉಪಾಸ ಮಾಡೋ ಮನಿಷ್ಯಾ. ಇಬತ್ತಿ ಹಚ್ಚಿಕೊಂಡು ಸುಳ್ಳ ಹೇಳ್ತಾನೇನು? ನಿನ್ನ ಕೈ ತಪ್ಪು ಮುಚ್ಚಾಕ ಬಡವನ ಮ್ಯಾಲ ಹಾಕಬ್ಯಾಡ, ಶಹಾಪುರ. ಪಂಜರ ಅದಲಬದಲ ಮಾಡೀದಿ. ಕ್ಷಮಾ ಕೇಳು ಅವನಿಗೆ."

ಅವಳ ಮಾತಿಗೆ ಮೈಕ್ರೋಸ್ಕೋಪಿನ ಸಾಕ್ಷಿ ಬೇಕಾಯಿತು. ನನ್ನ ಮಾತಿಗೆ ಹಣೆಯ ಮೇಲಿನ ಬೂದಿ ಸಾಕಾಯಿತು. ಅವಳ ಮನೆತನ ಯಾವುದು, ನನ್ನದು ಯಾವುದು ಎಂದು ಆ ಕೋಣೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅವಳು ನನ್ನ ಕ್ಷಮೆ ಕೇಳಿದಳು. ನಾನು "ಇರ್ಲಿ ಬಿಡವ್ವಾ" ಎಂದೆ. ದೊಡ್ಡತನದಿಂದ ಎಂದೆ. ಆ ದೊಡ್ಡತನವನ್ನು ನೆನೆದರೆ ಈಗ ಮೈ ಮೇಲೆ ಹುಳ ಹರಿದಂತಾಗುತ್ತದೆ.

ಮನೆಗೆ ಬಂದು ನೀಲಮ್ಮನಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆ, "ಇಲಿ ಉಪಾಸ ಕೆಡಬಾರದಂತ ಅಷ್ಟು ವಿಚಾರ ಮಾಡಿದ್ರಿ. ಹುಡುಗೀದು ಊಟಾನೇ ಕೆಡಸಿದ್ರಲ್ರಿ" ಎಂದಳು. ಆ ಮೇಲೆ ಅವಳು ನನಗೆ ಸಾಬೂದಾನಿ ಮಾಡಿಕೊಡಲಿಲ್ಲ. ಸೋಮವಾರ ನಾನು ಬರೇ ನೀರು ಕುಡಿದುಕೊಂಡು ಇದ್ದೆ.

ದೇಸಾಯಿ ಸರ್ ಸಹಿ ಹಾಕಲಿಲ್ಲ. ಹುಡುಗಿ ಕೆಲವು ದಿನ ಬಂದು ಗ್ರಂಥಾಲಯದಲ್ಲಿ ಕೂತು ಹೋಗುತ್ತಿದ್ದಳು. ಆಮೇಲೆ ಬರುವುದು ನಿಂತಿತು. ವಿಶ್ವವಿದ್ಯಾಲಯದ ಗಡುವು ಮುಗಿಯಿತು. ಮರುವರ್ಷ ಅದೇ ವಿಷಯವನ್ನು ಸರ್ ಇನ್ನೊಬ್ಬ ವಿದ್ಯಾರ್ಥಿಗೆ ಕೊಟ್ಟರು. ಅದೇ ತಂಗಡಿ. ಅವಳು ಕುಟ್ಟಿ ಇಟ್ಟು ಹೋದ ಪುಡಿಯನ್ನೇ ಮೊದಲು ಬಳಸಿದರು. ನಾನು ಹೆದರಿ ಫಲಾಹಾರ ಬಿಟ್ಟಿದ್ದೆ. ಸಕ್ಕರೆ ಇಳಿಯಿತು. ಅವನ ಲೆಕ್ಕ ನೂಲು ಹಿಡಿದಂತೆ ಬಂತು. ಸಹಿ ಬಿತ್ತು, ಪದವಿ ಬಂತು, ಕಾಲೇಜಿಗೆಲ್ಲ ಪೇಢೆ ಹಂಚಿದರು. "ನೋಡ್ರಿ, ಕೈಗುಣ ಅಂತ ಒಂದಿರ್ತದ" ಎಂದು ದೇಸಾಯಿ ಸರ್ ನನ್ನ ಕೈಗೂ ಒಂದು ಪೇಢೆ ಇಟ್ಟರು. ತಿಂದೆ. ಇದನ್ನೂ ಬರೆಯಲೇಬೇಕು: ಅದು ರುಚಿಯಾಗಿತ್ತು.

ಹೋದ ವರ್ಷ ಸುರಪುರದಲ್ಲಿ ಮಗಳ ಮನೆಗೆ ಹೋಗಿದ್ದೆ. ಬಿಪಿ ಗುಳಿಗೆ ತೀರಿತ್ತು. ದವಾಖಾನೆಯ ಔಷಧದ ಕಿಟಕಿಯ ಮುಂದೆ ಪಾಳಿ ನಿಂತೆ. ಗುಳಿಗೆ ಎಣಿಸಿ ಕೊಡುತ್ತಿದ್ದ ಕೈ ನೋಡಿದ ಕೂಡಲೇ ಗುರುತು ಹತ್ತಿತು. ತಿರುಗಿ ಹೋಗೋಣವೆಂದರೆ ಹಿಂದೆ ಜನ.

"ಕಾಕಾ? ಆರಾಮದೀರ್ರಿ?" ಅವಳೇ ಮೊದಲು ಮಾತಾಡಿಸಿದಳು.

"ಹೂಂ, ಆರಾಮದೀನಿ. ನೀ ಇಲ್ಲಿ…"

"ಇಲ್ಲೇ ಫಾರ್ಮಸಿಸ್ಟ್ ಅದೀನ್ರಿ. ಈ ಗುಳಿಗಿ ಊಟ ಆದ ಮ್ಯಾಲ ಒಂದು. ಮರೀಬ್ಯಾಡ್ರಿ." ಚೀಟಿ ಮಡಚಿ ಕೊಡುತ್ತ ಕೈ ತಡೆದಳು. "ಕಾಕಾ, ಒಂದು ಕೇಳ್ಲೇನ್ರಿ? ಅವತ್ತ ಹೊಟ್ಟು ಬದಲು ಮಾಡೋವಾಗ ನಾನೇ ಪಂಜರ ಅದಲಬದಲ ಮಾಡಿದ್ನೇನು ಅಂತ ಈಗ್ಲೂ ತೆಲ್ಯಾಗ ತಿರುಗ್ತದ್ರಿ. ಇಲ್ಲೆ ಗುಳಿಗಿ ಕೊಡೋವಾಗ್ಲೂ ಎರಡೆರಡು ಸಲ ನೋಡ್ತೀನಿ. ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲ. ನಿಮಗೇನಾರ ನೆನಪದ ಏನ್ರಿ?"

ಹಿಂದಿನವನು, "ಅಜ್ಜಾ, ಮಾತು ಮನ್ಯಾಗ ಆಡ್ರಿ, ಸರೀರಿ ಅತ್ಲಾಗ" ಎಂದ.

"ನೆನಪಿಲ್ಲವ್ವಾ" ಎಂದು ಸರಿದು ನಿಂತೆ.

ಮೊದಲನೆಯ ಸುಳ್ಳು ಹೆದರಿಕೆಯದು. ಎರಡನೆಯದಕ್ಕೆ ಆ ನೆಪವೂ ಇಲ್ಲ. ಕೆಲಸ ಮುಗಿದಿತ್ತು, ಮನೆಗೆ ಕಳಿಸುವವರು ಯಾರೂ ಇರಲಿಲ್ಲ. ಅವಳ ಪದವಿ ನಾನು ತಿಂದದ್ದು ಗೊತ್ತಿತ್ತು. ಅವಳ ಕೈಯ ನಂಬಿಕೆಯನ್ನೂ ತಿಂದಿದ್ದೇನೆಂದು ಆ ಕಿಟಕಿಯ ಮುಂದೆ ಗೊತ್ತಾಯಿತು. ಮಗಳ ಮನೆಯವರೆಗೆ ನಡೆದು ಬಂದೆ. ಮೂರು ಸಲ ತಿರುಗಿ ನಿಂತೆ, ಮೂರು ಸಲವೂ ಮುಂದೆಯೇ ನಡೆದೆ.

ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರೇ, ನಿಮಗೆ ಕರುಣೆ ಬಂದರೆ ಬರಲಿ. ತೋಚಿದ್ದನ್ನು ಮಾಡಿ. ಆದರೆ ಮಾಡಿದ್ದನ್ನು ಅದೇ ದಿನ ಬಾಯಿಬಿಟ್ಟು ಹೇಳಿ. ನಿಮಗೆ ಹೇಳುವುದು ಇಷ್ಟೇ. ಉಳಿದದ್ದು ನಿಮಗಲ್ಲ.

ತಂಗಿ, ಪಂಜರ ಅದಲುಬದಲಾಗಿರಲಿಲ್ಲ. ನಿನ್ನ ತೂಕ ಸರಿ ಇತ್ತು, ರಸ ಸರಿ ಇತ್ತು, ಕೈ ಸರಿ ಇತ್ತು. ನೀನು ತಟ್ಟೆಯಲ್ಲಿಟ್ಟು ತಂದದ್ದು ಸಾಬೂದಾನಿಯೇ, ನಮ್ಮ ಮನೆಯ ಒಲೆಯ ಮೇಲೆ ಬೆಂದದ್ದು, ನನ್ನ ಕೈಯಿಂದ ಬಿದ್ದದ್ದು. ಅಂದು ಕ್ಷಮೆ ಕೇಳಬೇಕಾದವನು ನಾನು, ನಿನ್ನಿಂದ ಕೇಳಿಸಿಕೊಂಡೆ. ಇನ್ನು ಗುಳಿಗೆಯನ್ನು ಒಂದೇ ಸಲ ಎಣಿಸು, ಸುಜಾತಾ.